ಹೊಸ್ತಿಲಾಚೆಯ ಬೂಟು

ಶನಿವಾರ ಬೆಳಗ್ಗೆ ಮೈಥಿಲಿ ಬಾಗಿಲು ತೆರೆದಾಗ ಪೋರ್ಚು ಬರಿದಾಗಿತ್ತು. ರಮಾ ಅತ್ತಿಗೆ ದಾನಕ್ಕೆಂದು ಕಟ್ಟಿಟ್ಟಿದ್ದ ಹಳೆಯ ಬಟ್ಟೆಯ ಚೀಲಗಳಿರಲಿಲ್ಲ. ಅವುಗಳ ಪಕ್ಕದಲ್ಲಿ ತಾನು ಇಟ್ಟಿದ್ದ ಕಾಗದದ ಚೀಲವೂ ಇರಲಿಲ್ಲ.

"ಅತ್ತಿಗೆ, ಇಲ್ಲಿ ನನ್ನ ಚೀಲ ಇತ್ತಲ್ಲ?"

"ಚಾರಿಟಿ ಟ್ರಕ್ಕು ಬಂದು ಎಲ್ಲಾ ಎತ್ಕೊಂಡು ಹೋಯ್ತಮ್ಮ. ಅದರಲ್ಲಿ ಯಾವುದೋ ಹಳೇ ಬೂಟಿತ್ತು. ಯಾಕೆ, ಬೇಕಿತ್ತಾ?"

ಮೈಥಿಲಿ ಬೀದಿಯ ತುದಿಯವರೆಗೆ ಓಡಿ, ಬರಿಗೈಲಿ ಮರಳಿದಳು.

ಹತ್ತಿರದ ಕ್ಯಾಂಪ್‌ಬೆಲ್ ಊರಿನ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವುದು ಅವಳ ಕೆಲಸ. ಮೂರು ತಿಂಗಳಿಂದ ಅವಳ ಮೇಜಿನ ಮೇಲಿದ್ದುದು ಇಟಲಿಯ ವಾಲ್‌ಕಿಯಾರಾ ಎಂಬ ಪುಟ್ಟ ಊರಿನ ಹೆಂಗಸರ ಫುಟ್‌ಬಾಲ್ ಕ್ಲಬ್ಬಿನ ಇಪ್ಪತ್ತು ವರ್ಷದ, ಈ ೧೯೮೬ರವರೆಗಿನ, ಚರಿತ್ರೆ. ೧೯೬೬ರಲ್ಲಿ ಅಲ್ಲಿನ ನೂಲಿನ ಗಿರಣಿಯ ಹುಡುಗಿಯರು ಕ್ಲಬ್ಬು ಕಟ್ಟಿದರು. ಊರಿನ ಹಿರಿಯರು ಮೈದಾನ ಕೊಡಲಿಲ್ಲ. ಅವರು ಒಣಗಿದ ಹೊಳೆಯ ಪಾತ್ರದಿಂದ ಕಲ್ಲು ಹೆಕ್ಕಿ ತೆಗೆದು, ಅಲ್ಲೇ ಆಡಿದರು. ಮೊದಲ ಕ್ಯಾಪ್ಟನ್ ಲುಯೀಸಾ ಈಗ ಮಗಳ ಜೊತೆ ಕ್ಯಾಂಪ್‌ಬೆಲ್‌ನಲ್ಲಿದ್ದಳು. ಪುಸ್ತಕ ಮಾಡಿಸುತ್ತಿದ್ದವಳು ಅವಳೇ.

ಆ ಕ್ಲಬ್ಬಿನಲ್ಲೊಂದು ಪದ್ಧತಿ. ಬಿಟ್ಟುಹೋಗುವ ಕ್ಯಾಪ್ಟನ್ ಲುಯೀಸಾ ಮೊದಲ ಆಟದಲ್ಲಿ ತೊಟ್ಟಿದ್ದ ಬೂಟುಗಳನ್ನು ಹೊಸಬಳಿಗೆ ಕೊಡಬೇಕು. ಅಳತೆ ಸರಿಯಿರಲಿ, ಬಿಡಲಿ, ಹೊಸಬಳು ಮೊದಲ ಆಟದಲ್ಲಿ ಹತ್ತು ನಿಮಿಷ ಅವನ್ನೇ ತೊಡಬೇಕು. ಲೇಸಿನ ಕೆಳಗಿನ ತೊಗಲಿನ ನಾಲಗೆಯ ಮೇಲೆ ತನ್ನ ಹೆಸರು ಬರೆಯಬೇಕು. ಏಳು ಹೆಸರುಗಳಾಗಿದ್ದವು. ಪುಸ್ತಕದ ಫೋಟೋಗೆಂದು ಬೂಟು ಕಡಲು ದಾಟಿ ಬಂದಿತ್ತು. ನಾಳೆ, ಭಾನುವಾರ, ಇಟಲಿಯಿಂದ ಎಂಟನೆಯ ಕ್ಯಾಪ್ಟನ್ನೇ ಅದನ್ನು ಒಯ್ಯಲು ಲುಯೀಸಾಳ ಮನೆಗೆ ಬರುವವಳಿದ್ದಳು.

ಫೋಟೋ ತೆಗೆಯುತ್ತಿದ್ದವನು ಗದಗಿನ ಗುರುಶಾಂತಪ್ಪ. ವಾರವಿಡೀ ಇಂಜಿನಿಯರು, ಶನಿವಾರ ಕ್ಯಾಮೆರಾ. ಫೋಟೋಗಳನ್ನೆಲ್ಲ ಒಂದೇ ಸಲಕ್ಕೆ ತರಬಹುದಿತ್ತು; ಅವನು ವಾರಕ್ಕೆ ನಾಲ್ಕರಂತೆ ತಂದ. ಮೈಥಿಲಿಗೆ ಅದು ತಿಳಿದಿತ್ತು. ತಿಳಿದೂ, ಪ್ರತಿ ಸಲ ಒಂದನ್ನು ಮಸುಕಾಗಿದೆಯೆಂದು ಹಿಂದಿರುಗಿಸುತ್ತಿದ್ದಳು.

ನಿನ್ನೆ ಸಂಜೆ ಅವನು ಬೂಟಿನ ಚೀಲ ಕೊಟ್ಟು, "ಒಳಗಿನ ಹೆಸರು ನೋಡಿ ಬರಕೋರಿ. ಲುಯೀಸಮ್ಮ ಇದನ್ನ ನನ್ನ ಕೈಯಾಗ ಇಟ್ಟಾಳ, ನಾ ನಿಮ್ಮ ಕೈಯಾಗ ಇಡತೀನಿ" ಅಂದಿದ್ದ. ಅವಳು ಅದನ್ನು ತಾನಿದ್ದ ಲಾಸ್ ಆಲ್ಟೋಸ್‌ನ ಅಣ್ಣನ ಮನೆಗೆ ತಂದು, ಹೊಸ್ತಿಲಾಚೆ ಇಟ್ಟಳು. ಮೆಟ್ಟಿದ್ದು ಹೊಸ್ತಿಲು ದಾಟಬಾರದೆಂದು ಕಲಿಸಿದವಳು ಅಮ್ಮ. ಹೋದ ವರ್ಷ ಮೈಸೂರಿನಲ್ಲಿ ಅಮ್ಮ ತೀರಿಕೊಂಡಾಗ ಮೈಥಿಲಿಗೆ ಮುಖ ನೋಡಲೂ ಆಗಿರಲಿಲ್ಲ. ಅಂದಿನಿಂದ ಅಮ್ಮನ ಒಂದೊಂದು ಮಾತನ್ನೂ ಮಡಿಯಂತೆ ಕಾದುಕೊಂಡು ಬಂದಿದ್ದಳು.

ಫೋನು ಮಾಡಿದ ಅರ್ಧ ಗಂಟೆಗೆ ಗುರುಶಾಂತಪ್ಪನ ಕಾರು ಬಂತು.

"ಬೈದುಬಿಡಿ," ಅಂದಳು ಕಣ್ಣೆತ್ತದೆ.

"ಬೈಯೂದು ಆಮ್ಯಾಲೆ. ಮೊದಲ ಕಾರು ಹತ್ರಿ. ಅತ್ತರ ಟ್ರಕ್ಕು ತಿರುಗಿ ಬರತದೇನು?"

ಕಾರು ಫ್ರೀವೇ ಹತ್ತಿ, ಚಾರಿಟಿಯವರು ಫೋನಿನಲ್ಲಿ ಹೇಳಿದ ಅಂಗಡಿಯತ್ತ ಓಡಿತು. ಅವನು ಕೇಳಿದ: "ಒಳಗ ಯಾಕ ಇಡಲಿಲ್ರೀ?"

ಅವಳು ಅಮ್ಮನ ಮಾತು ಹೇಳಿದಳು. ಅವನು ನಗಲಿಲ್ಲ. "ನಮ್ಮವ್ವನೂ ಹಂಗ," ಅಂದ ಮೆಲ್ಲಗೆ.

ಸ್ಯಾನ್ ಹೊಸೆಯ ಆ ಹಳೆ ಸಾಮಾನಿನ ಅಂಗಡಿಯ ಹಿಂಬದಿಯಲ್ಲಿ ಶೂಗಳದ್ದೇ ಒಂದು ಗುಡ್ಡ. ಬೆಳಗ್ಗೆ ಬಂದದ್ದೆಲ್ಲ ಅದರಲ್ಲೇ ಇದೆ, ಬೇಕಾದರೆ ಹುಡುಕಿಕೊಳ್ಳಿ ಎಂದಳು ಅಲ್ಲಿನ ಹೆಂಗಸು. ಪರರ ಚಪ್ಪಲಿ ತಾಕಿದರೆ ಕೈ ತೊಳೆಯುತ್ತಿದ್ದ ಮೈಥಿಲಿ ನೆಲದ ಮೇಲೆ ಕುಳಿತು ಮೊಣಕೈವರೆಗೆ ಕೈ ತೂರಿದಳು. ಆಚೆ ಬದಿಯಲ್ಲಿ ಅವನು. ಕೆನ್ನೆಯ ಮೇಲೆ ಧೂಳಿನ ಗೆರೆ ಎಳೆದುಕೊಂಡಿದ್ದ ಅವಳನ್ನು ಅವನು ನೋಡುತ್ತಲೇ ಇದ್ದ.

"ನನ್ನನ್ನಲ್ಲ, ಬೂಟು ಹುಡುಕಿ."

"ಎರಡೂ ಕೆಲಸ ನಡದಾವ್ರಿ."

ಒಂದು ಗಂಟೆ ಕಳೆಯಿತು. ಕೊನೆಗೆ ಅವಳ ಕೈಗೆ ಗಟ್ಟಿ ತೊಗಲು ತಾಕಿತು. ಎಳೆದಳು. ನಾಲಗೆಯ ಮೇಲೆ ಮಸಿಯಲ್ಲಿ 'ಲುಯೀಸಾ'.

"ಒಂದು ಸಿಕ್ತು! ಆದರೆ ಒಂದೇ."

ಗುಡ್ಡದಾಚೆಯಿಂದ ಅವನು ಇನ್ನೊಂದನ್ನು ಎತ್ತಿ ಹಿಡಿದ. "ಇನ್ನೊಂದು ಆಗಲೇ ಸಿಕ್ಕಿತ್ರಿ."

"ಆಗಲೇ ಅಂದ್ರೆ?"

"ಆಗಿರಬೇಕು ಹತ್ತು ನಿಮಿಷ. ಹೇಳಿದ್ರ ನೀವು ಏಳತಿದ್ರಿ."

ಅವಳು ಸಿಟ್ಟಿನಿಂದ ಒಂದು ಹಳೆ ಚಪ್ಪಲಿ ಎಸೆದಳು. ಅವನು ಅದನ್ನು ಎರಡೂ ಕೈಯಿಂದ ಹಿಡಿದು, ಜೋಪಾನವಾಗಿ ಗುಡ್ಡದ ಮೇಲಿಟ್ಟ.

ಭಾನುವಾರ ಲುಯೀಸಾಳ ಮನೆಗೆ ಹೋದಾಗ ಮೈಥಿಲಿ ಬೂಟು ಕೊಡುವ ಮೊದಲೇ ಅದು ಕಳೆದು ಸಿಕ್ಕಿದ್ದನ್ನು ಹೇಳಿಬಿಟ್ಟಳು. ಲುಯೀಸಾ ಕೇಳಿ, ಬೂಟನ್ನು ಮೇರಿಮಾತೆಯ ಪಟದ ಕೆಳಗೆ, ಉರಿಯುವ ಮೇಣದಬತ್ತಿಯ ಪಕ್ಕದಲ್ಲಿಟ್ಟಳು. ಮೈಥಿಲಿ ಒಂದು ಕ್ಷಣ ಬೆಚ್ಚಿದಳು. ಆಮೇಲೆ ಮಠದಲ್ಲಿ ಗುರುಗಳ ಪಾದುಕೆಗೆ ಅಮ್ಮ ಹೂವಿಡುತ್ತಿದ್ದುದು ನೆನಪಾಯಿತು, ಕಣ್ಣು ತುಂಬಿತು.

"ನಾನೇ ಇದನ್ನು ಒಮ್ಮೆ ರೈಲಿನಲ್ಲಿ ಮರೆತಿದ್ದೆ," ಎಂದಳು ಲುಯೀಸಾ. "ಪುಸ್ತಕದಲ್ಲಿ ಹಾಕಿಬಿಟ್ಟೀಯ ಮತ್ತೆ! ಅದಿರಲಿ, ನಿನ್ನ ಜೊತೆ ಹುಡುಕಲು ಯಾರು ಬಂದಿದ್ದರು?"

ಮೈಥಿಲಿಯ ಕಣ್ಣು, ಮೂಲೆಯಲ್ಲಿ ಫೋಟೋ ತೆಗೆಯುತ್ತಿದ್ದ ಗುರುಶಾಂತಪ್ಪನ ಕಡೆ ಹೊರಳಿತು. ಅವನು ಕ್ಯಾಮೆರಾದ ಹಿಂದೆ ಮುಖ ಅಡಗಿಸಿದ.

"ಹಾಗೋ," ಎಂದಳು ಲುಯೀಸಾ.

ಎಂಟನೆಯ ಕ್ಯಾಪ್ಟನ್ನಳ ಕಾಲು ಪುಟ್ಟದು. ಬೂಟಿನೊಳಗೆ ಪೇಪರು ತುರುಕಿ, ತೊಟ್ಟು, ಅಂಗಳದಲ್ಲಿ ತಪತಪನೆ ನಡೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಥಿಲಿ ಎಂಟನೆಯ ಹೆಸರನ್ನು ಬರೆದುಕೊಂಡಳು. ಪುಸ್ತಕ ಮುಗಿಯಿತು. ಇನ್ನು ಶನಿವಾರಗಳಿಗೆ ನೆಪವಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು.

ಸಂಜೆ ಅವನು ಅವಳನ್ನು ಮನೆಗೆ ಬಿಡಲು ಬಂದ. ರಮಾ ಅತ್ತಿಗೆ ಕಾಫಿಗೆ ಕರೆದಳು. ಅವನು ಪೋರ್ಚಿನಲ್ಲಿ ಶೂ ಬಿಚ್ಚಿ, ಜೋಡಿಸಿಟ್ಟು, ಒಳಗೆ ಹೋದ. ಮೈಥಿಲಿ ಹೊರಗೇ ನಿಂತಳು. ಸವೆದ ಹಿಮ್ಮಡಿ, ಗಂಟು ಬಿದ್ದ ಲೇಸು. ಬಗ್ಗಿ ಎರಡನ್ನೂ ಎತ್ತಿಕೊಂಡಳು. ಮನಸ್ಸಿನಲ್ಲೇ, ಅಮ್ಮ, ಇದೊಂದಕ್ಕೆ ಒಪ್ಪು, ಎಂದಳು. ಹೊಸ್ತಿಲು ದಾಟಿ ಬಂದು ಬಾಗಿಲ ಒಳಗೆ ಗೋಡೆಗೆ ಒತ್ತಿ ಇಟ್ಟಳು.

ಕಾಫಿಯ ಲೋಟ ಹಿಡಿದಿದ್ದ ಗುರುಶಾಂತಪ್ಪ ಎದ್ದು ನಿಂತ. "ಏನ್ರೀ ಇದು? ಶೂ ಒಳಗ ತಂದ್ರಿ?"

"ಹೊರಗಿಟ್ಟಿದ್ದನ್ನ ಯಾರಾದ್ರೂ ಎತ್ಕೊಂಡು ಹೋಗಿಬಿಡ್ತಾರೆ," ಅಂದಳು ಮೈಥಿಲಿ. "ಇನ್ನೊಂದು ಸಲ ಕಳ್ಕೊಳ್ಳೋ ಧೈರ್ಯ ನನಗಿಲ್ಲ."

ಅವನು ಆ ಶೂಗಳನ್ನು ನೋಡಿದ. "ಹಂಗಾದ್ರ," ಅಂದ, ಲೋಟ ಕೆಳಗಿಟ್ಟು, "ಅವು ಇಲ್ಲೇ ಇರಲೇನ್ರಿ?"

ಅಡುಗೆಮನೆಯಿಂದ ರಮಾ ಅತ್ತಿಗೆಯ ದನಿ ಕೇಳಿತು: "ಇರಲಿ ಬಿಡಮ್ಮ. ಕೆಳಗೊಂದು ಪೇಪರು ಹಾಸು."

ಮೈಥಿಲಿ ಪೇಪರು ತರಲು ಹೋದಳು.