ಗರೋಬಾನ ಒಳಗಿದ್ದವನು

"ಇವರೂ ಬರ್ತಾರೆ ಅಂತ ನೀವು ಹೇಳಲೇ ಇಲ್ಲವಲ್ಲ!"

ಸಯೋಕೊಳ ಕೈಯಲ್ಲಿದ್ದ ಬಾರ್ಲಿ ಚಹಾ ತುಳುಕಿ ರೇಷ್ಮೆ ಅಂಗಿಯ ಮೇಲೆ ಬಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಬಾಗಿಲಲ್ಲಿ ಅವನು ನಿಂತಿದ್ದ. ಕುವಾನೊ ಸೇಜಿ! ತಲೆ ಪೂರ್ತಿ ನರೆತಿತ್ತು. ಆದರೆ ಆ ಅಗಲವಾದ ಭುಜಗಳು... ಕತ್ತಲಲ್ಲೂ ಅವಳು ಗುರುತಿಸಬಲ್ಲ ಭುಜಗಳು.

"ನಮಸ್ಕಾರ, ನಾಂಜೋ ಅವರೇ," ಎಂದು ಸೇಜಿ ಸೊಂಟ ಬಗ್ಗಿಸಿದ. "ತುಂಬಾ ವರ್ಷ ಆಯ್ತು."

ನಾಂಜೋ ಅವರೇ! ಮನೆತನದ ಹೆಸರು ಹಿಡಿದು! ಒಂದು ಕಾಲಕ್ಕೆ ಬರೀ 'ಸಯೋಕೊ' ಎನ್ನುತ್ತಿದ್ದ ಬಾಯಿ.

ಆಗಬೇಕು, ನನಗೆ ಇದೇ ಆಗಬೇಕು, ಎಂದುಕೊಂಡಳು ಅವಳು. ತಲೆ ಎತ್ತಲಾಗಲಿಲ್ಲ.

ಚೋಫು ನಗರದ ಆ ಪುಟ್ಟ ಧ್ವನಿಮುದ್ರಣ ಕೊಠಡಿಯಲ್ಲಿ ಅಂದು ಸೇರಿದ್ದವರು ಮೂರೇ ಜನ. ಮೂರನೆಯವಳು ಮಿಯಾಬೆ ಕಜುಹಾ, ಹಳೆಯ ಚಿತ್ರಗಳನ್ನು ಶುದ್ಧಗೊಳಿಸಿ ಡಿಸ್ಕ್ ರೂಪದಲ್ಲಿ ಹೊರತರುವ ಸಣ್ಣ ಕಂಪನಿಯ ಹುಡುಗಿ. 'ಏಳನೇ ಚಂದ್ರನ ದೂತೆ' ಎಂಬ ಚಿತ್ರ ಮೂವತ್ತೊಂದು ವರ್ಷಗಳ ನಂತರ ಮನೆಮನೆಗೆ ಬರುವುದಿತ್ತು. ಚಿತ್ರ ಓಡುತ್ತಿರುವಾಗ ಅದರಲ್ಲಿ ದುಡಿದವರು ಕುಳಿತು ನೆನಪು ಹಂಚಿಕೊಳ್ಳಬೇಕು. ಆ ಮಾತುಗಳೂ ಡಿಸ್ಕ್‌ನಲ್ಲಿರುತ್ತವೆ. ನಿರ್ದೇಶಕರು ತೀರಿಕೊಂಡಿದ್ದರು. ನಾಯಕ ನಟ ಹಾಸಿಗೆ ಹಿಡಿದಿದ್ದ.

ಉಳಿದವರು ಇವರಿಬ್ಬರೇ. ಬೆಳ್ಳಿ ಕೂದಲಿನ ಚಂದ್ರದೂತೆಯಾಗಿದ್ದ ಸಯೋಕೊ. ಮೂವತ್ತೆಂಟು ಕಿಲೋ ತೂಕದ ರಬ್ಬರ್ ವೇಷದೊಳಗೆ ಗರೋಬಾ ಎಂಬ ದೈತ್ಯನಾಗಿದ್ದ ಸೇಜಿ.

"ಹೇಳಿದ್ರೆ ನೀವು ಬರ್ತಿರಲಿಲ್ಲ ಮೇಡಂ," ಎಂದು ಕಜುಹಾ ಕರವಸ್ತ್ರ ಚಾಚುತ್ತಾ ಮೆಲ್ಲಗೆ ಹೇಳಿದಳು. "ಅಂದ್ರೆ... ನಿಮಗೆ ಈ ಚಿತ್ರ ಕಂಡ್ರೆ ಆಗಲ್ಲ ಅಂತ ಎಲ್ಲರಿಗೂ ಗೊತ್ತಲ್ವಾ?"

ಎಲ್ಲರಿಗೂ ಗೊತ್ತು! ಸಯೋಕೊಳ ಕಿವಿಗಳು ಕಾದ ಕಬ್ಬಿಣದಂತಾದವು.

ಅವಳೇ ತಾನೆ ದೇಶಕ್ಕೆಲ್ಲ ಕೇಳಿಸುವ ಹಾಗೆ ಹೇಳಿದ್ದು?

ಚಿತ್ರ ತೋಪಾದ ಮರುವರ್ಷ ಅವಳಿಗೆ ಮೊದಲ ದೊಡ್ಡ ಧಾರಾವಾಹಿ ಸಿಕ್ಕಿತ್ತು. ಮಧ್ಯಾಹ್ನದ ಮಾತುಕತೆ ಕಾರ್ಯಕ್ರಮಕ್ಕೆ ಕರೆದಿದ್ದರು. ನಿರೂಪಕ ಅವಳ ಬೆಳ್ಳಿ ಕೂದಲಿನ ಫೋಟೋ ಹಿಡಿದು, "ಈ ರಬ್ಬರ್ ಕೈ ಹಿಡ್ಕೊಂಡು ಅತ್ತಿದ್ರಲ್ಲ, ಒಳಗಡೆ ಯಾರಿದ್ರು?" ಎಂದು ಕೇಳಿದ. ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ಇಪ್ಪತ್ತೈದರ ಸಯೋಕೊ ಕೂಡ ನಕ್ಕಳು.

"ಅಯ್ಯೋ, ಯಾರಿಗೆ ಗೊತ್ತು? ಯಾರೋ ದಿನಗೂಲಿಯವರಿರಬೇಕು. ಅದನ್ನ ನೆನಪು ಮಾಡಬೇಡಿ, ನಾಚಿಕೆಯಾಗುತ್ತೆ!"

ಯಾರೋ ದಿನಗೂಲಿಯವರು...

ಅದಕ್ಕೆ ಎರಡು ದಿನ ಮೊದಲಷ್ಟೇ ಅವಳು ಆ 'ಯಾರೋ' ಒಬ್ಬನ ತೋಳಿನ ಮೇಲೆ ತಲೆಯಿಟ್ಟು, "ವಸಂತದಲ್ಲಿ ಮದುವೆಯಾಗೋಣ," ಎಂದಿದ್ದಳು. ಅಂದಿನ ನಂತರ ಅವನು ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಯಾವ ಬಾಯಲ್ಲಿ ಮಾಡುವುದು?

"ಶುರು ಮಾಡೋಣ್ವಾ?" ಕಜುಹಾ ಗಾಜಿನಾಚೆ ಹೋಗಿ ಕುಳಿತಳು.

ಇಬ್ಬರ ನಡುವೆ ಎರಡು ಮೈಕುಗಳು. ಪರದೆಯ ಮೇಲೆ ರಟ್ಟಿನ ನಗರ ಉರಿಯತೊಡಗಿತು.

ಸೇಜಿ ಸಲೀಸಾಗಿ ಮಾತಾಡಿದ. ರಟ್ಟಿನ ಕಟ್ಟಡಗಳು ನಿಲ್ಲಲೆಂದು ಒಳಗೆ ಬಿಸ್ಕತ್ತಿನ ಡಬ್ಬ ಇಟ್ಟಿದ್ದು, ತಂತಿಯಿಂದ ಗರೋಬಾನ ಬಾಲ ಎಳೆಯುತ್ತಿದ್ದವನು ನಿದ್ದೆಹೋಗಿದ್ದು... ಕಜುಹಾ ಬಾಯಿ ಮುಚ್ಚಿಕೊಂಡು ನಕ್ಕಳು. ಸಯೋಕೊ "ಹೌದು", "ಅಲ್ವಾ" ಎನ್ನುವುದರಾಚೆ ಹೋಗಲಿಲ್ಲ. ಅವನು ಒಮ್ಮೆಯೂ ಅವಳತ್ತ ತಿರುಗಲಿಲ್ಲ.

ಬೈಯ್ಯಬಾರದಾ? ಒಂದು ಮಾತು ಬೈದುಬಿಡು ಸೇಜಿ!

ಚಿತ್ರ ಕೊನೆಗೆ ಬಂತು. ಗಾಯಗೊಂಡ ಗರೋಬಾ ಬಂಡೆಗೊರಗಿ ಸಾಯುತ್ತಿದ್ದಾನೆ. ಚಂದ್ರದೂತೆ ಅವನ ದಪ್ಪ ರಬ್ಬರ್ ಕೈಯನ್ನು ಎದೆಗೊತ್ತಿಕೊಂಡು ಬಿಕ್ಕುತ್ತಿದ್ದಾಳೆ.

"ಮೇಡಂ, ನಿಮ್ಮ ಈ ಕಣ್ಣೀರು ನಟನೆ ಅಲ್ಲ ಅಂತಾರೆ ಅಭಿಮಾನಿಗಳು," ಎಂದಿತು ಗಾಜಿನಾಚೆಯ ದನಿ. "ಅದು ಹೇಗೆ ಬಂತು?"

ಸಯೋಕೊಳ ಬಳಿ ಸಿದ್ಧ ಉತ್ತರವಿತ್ತು. ಕಣ್ಣಿಗೆ ಈರುಳ್ಳಿ ಹಚ್ಚಿದ್ದರು ಎಂದರೆ ಮುಗಿಯಿತು. ಎಲ್ಲರೂ ನಗುತ್ತಾರೆ...

ಅವಳು ಪರದೆಯನ್ನು ನೋಡಿದಳು. ಬೆಳ್ಳಿ ಕೂದಲಿನ ಆ ಹುಡುಗಿಗೆ ಅಳಲು ನಾಚಿಕೆಯೇ ಇರಲಿಲ್ಲ. ಎಷ್ಟು ಚೆನ್ನಾಗಿ ಅಳುತ್ತಿದ್ದಾಳೆ!

"ಆ ಕೈಯೊಳಗಿದ್ದ ಕೈ ಸುಟ್ಟುಹೋಗಿತ್ತು," ಎಂದಳು ಸಯೋಕೊ.

ಸೇಜಿ ಸರಕ್ಕನೆ ತಿರುಗಿದ.

"ಹಿಂದಿನ ದೃಶ್ಯದಲ್ಲಿ ಸಿಡಿಮದ್ದು ಹೆಚ್ಚಾಗಿ ಸಿಡಿಯಿತು. ಕಿಡಿ ನನ್ನ ಮೇಲೆ ಬೀಳೋದಿತ್ತು, ಅವರು ಅಡ್ಡ ಬಂದ್ರು. ರಬ್ಬರ್ ಕರಗಿ ತೋಳಿಗೆ ಅಂಟಿಕೊಂಡಿತ್ತು. ಆದ್ರೂ, ಬೆಳಕು ಹೋಗುತ್ತೆ, ಮುಗಿಸಿಬಿಡೋಣ ಅಂದ್ರು. ನಾನು ಅಳ್ತಿರೋವಾಗ ಒಳಗಿಂದ ನನ್ನ ಬೆರಳು ಒತ್ತಿದ್ರು... ಏನಾಗಿಲ್ಲ ಅನ್ನೋ ಹಾಗೆ."

"ನಾಂಜೋ ಅವರೇ, ಸಾಕು."

"ಅವರ ಹೆಸರು ಕುವಾನೊ ಸೇಜಿ. ಚಿತ್ರದಲ್ಲಿ ಆ ಹೆಸರು ಹಾಕಲಿಲ್ಲ. ಟಿವಿಯಲ್ಲಿ ಕೇಳಿದಾಗ ಗೊತ್ತಿಲ್ಲ ಅಂದೆ. ಗೊತ್ತಿತ್ತು! ನಾನು ಅವರನ್ನ ಪ್ರೀತಿಸ್ತಿದ್ದೆ. ಜನ ನಕ್ಕರು ಅಂತ ನಾನೂ ನಕ್ಕೆ. ನನಗೆ ನಾಚಿಕೆಯಾಗಬೇಕಿದ್ದದ್ದು ಈ ಚಿತ್ರದ ಬಗ್ಗೆ ಅಲ್ಲ... ನನ್ನ ಬಗ್ಗೆ."

"ನಿಲ್ಲಿಸು ಅಂದ್ನಲ್ಲ!"

ಅವನ ದನಿ ಒಡೆದಿತ್ತು. ಗೌರವದ ಬಹುವಚನ ಎಲ್ಲೋ ಬಿದ್ದುಹೋಗಿತ್ತು.

"ಅವತ್ತು ಟಿವಿಯಲ್ಲಿ ಅದನ್ನ ನೋಡಿದ್ದು ನಾನೊಬ್ಬನೇ ಅಲ್ಲ," ಎಂದ ಸೇಜಿ, ಮೈಕಿನಿಂದ ಮುಖ ತಿರುಗಿಸಿ. "ಅಮ್ಮನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ನಾನು ಮದುವೆಯಾಗೋ ಹುಡುಗಿ ಬರ್ತಾಳೆ ನೋಡು ಅಂತ. ಅಮ್ಮ ಕಿತ್ತಳೆ ಸುಲೀತಿದ್ರು. ನೀನು ಆ ಮಾತು ಅಂದ ಮೇಲೆ ಏನೂ ಹೇಳಲಿಲ್ಲ... ಸುಲಿದ ತೊಳೆ ನನ್ನ ಕೈಗಿಟ್ಟು ಒಳಗೆ ಹೋದ್ರು."

ಅವನ ತಾಯಿಯೂ... ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಸಯೋಕೊಳಿಗೆ.

"ನಾನು ಬಂದಿದ್ದೆ," ಎಂದಳು ಕ್ಷೀಣವಾಗಿ. "ಮಾರನೇ ವಾರ, ಕ್ಷಮೆ ಕೇಳೋಕೆ. ನಿಮ್ಮ ಮನೆ ಎದುರಿನ ಲಾಂಡ್ರಿ ಹತ್ರ ನಿಂತಿದ್ದೆ. ಧೈರ್ಯ ಬರಲಿಲ್ಲ. ವಾಪಸ್ ಹೋದೆ."

"ಗೊತ್ತು."

"ಏನು?"

"ಕಿಟಕಿಯಿಂದ ನೋಡ್ತಿದ್ದೆ. ನೀನು ಹಸಿರು ಕೋಟು ಹಾಕಿದ್ದೆ. ಇಪ್ಪತ್ತು ನಿಮಿಷ ನಿಂತಿದ್ದೆ ನೀನು. ಇಳಿದು ಬಂದು ಒಂದು ಮಾತು ಕರೆದಿದ್ರೆ ಸಾಕಿತ್ತು. ಅವಳೇ ಬರಲಿ, ಬಂದು ಕಾಲಿಗೆ ಬೀಳಲಿ ಅಂತ ಹಟ ಹಿಡಿದು ಕೂತೆ. ನಿನ್ನ ಹೇಡಿತನ ಇಪ್ಪತ್ತು ನಿಮಿಷದ್ದು, ನನ್ನ ಹಟ ಮೂವತ್ತು ವರ್ಷದ್ದು. ಯಾರಿಗೆ ಹೆಚ್ಚು ನಾಚಿಕೆ ಆಗಬೇಕು ಹೇಳು?"

ಚಿತ್ರ ಯಾವಾಗಲೋ ಮುಗಿದಿತ್ತು. ಗಾಜಿನಾಚೆ ಕಜುಹಾ ಎರಡೂ ಕೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಕ್ಷಮಿಸಿ... ಎಲ್ಲಾ ರೆಕಾರ್ಡ್ ಆಗಿದೆ," ಎಂದಳು. "ಕೊನೇದು ಅಳಿಸಿಬಿಡಲಾ?"

ಸಯೋಕೊ ಸೇಜಿಯ ಮುಖ ನೋಡಿದಳು. ಅಂದು ಮೊದಲ ಬಾರಿಗೆ, ನೇರವಾಗಿ.

"ಅವರು ಹೇಳಿದ ಹಾಗೆ ಮಾಡಿ," ಎಂದಳು. "ನನ್ನ ಮಾತಿನಿಂದ ಒಮ್ಮೆ ಅವಮಾನ ಆಗಿದೆ. ಇನ್ನೊಮ್ಮೆ ಬೇಡ."

ಸೇಜಿ ಗಾಜಿನತ್ತ ತಿರುಗಿದ.

"ನಾನು ಆಮೇಲೆ ಅರಚಿದ್ದನ್ನ ತೆಗೀರಿ. ಇವಳು ಹೇಳಿದ್ದು ಇರಲಿ." ಅವನು ಮೈಕು ಪಕ್ಕಕ್ಕೆ ಸರಿಸಿದ. "ಅಮ್ಮನಿಗೆ ಈಗ ಎಂಬತ್ತೇಳು. ಕಿವಿ ಇನ್ನೂ ಚುರುಕಾಗಿದೆ. ಒಂದು ಡಿಸ್ಕ್ ಮನೆಗೆ ಕಳಿಸಿಕೊಡ್ತೀರಾ?"

"ಕಳಿಸೋದು ಬೇಡ!" ಸಯೋಕೊಳ ಬಾಯಿಂದ ತಾನಾಗಿ ಬಂತು. "ನಾನೇ ತಗೊಂಡು ಹೋಗ್ತೀನಿ. ಅವರು ಬೈದ್ರೆ ಬೈಸಿಕೊಳ್ತೀನಿ."

"ಬೈತಾರೆ," ಎಂದ ಸೇಜಿ. "ಚೆನ್ನಾಗಿ ಬೈತಾರೆ."

ತುಟಿಯಂಚಿನಲ್ಲಿ ನಗುವಿತ್ತೇ? ಸಯೋಕೊಳಿಗೆ ನಂಬಿಕೆಯಾಗಲಿಲ್ಲ.

ಹೊರಗೆ ಸಂಜೆಯ ಬಿಸಿಲು ಇನ್ನೂ ಇತ್ತು. ನಿಲ್ದಾಣದ ದಾರಿಯಲ್ಲಿ ಅಂಗಡಿಗೆ ಬಂದವರು, ಸೈಕಲ್ಲಿನ ಹೆಂಗಸರು. ಸೇಜಿ ಕುಂಟುತ್ತಿದ್ದ.

"ವೇಷ ಹೊತ್ತು ಹೊತ್ತು ಮಂಡಿ ಎರಡೂ ಹೋದ್ವು," ಎಂದ. "ಈಗ ಬೇರೆಯವರ ಮೂಳೆ ಸರಿಮಾಡೋ ಸಣ್ಣ ಚಿಕಿತ್ಸಾಲಯ ನಡೆಸ್ತೀನಿ. ನನ್ನದು ಮಾತ್ರ ಸರಿಯಾಗಲಿಲ್ಲ."

"ಮದುವೆ...?"

"ಆಗಲಿಲ್ಲ. ನೀನು ಆಗಿದ್ದೆ ಅಂತ ಪತ್ರಿಕೆಯಲ್ಲಿ ಓದಿದೆ."

"ಎರಡು ವರ್ಷ. ಅವರು ಒಳ್ಳೆಯವರೇ. ನನ್ನ ಮನಸ್ಸು ಅಲ್ಲಿರಲಿಲ್ಲ ಅಷ್ಟೇ."

ಎದುರಿಗೆ ಬಂದ ಇಬ್ಬರು ಹೆಂಗಸರು ನಿಂತು ಪಿಸುಗುಟ್ಟಿದರು. ಧಾರಾವಾಹಿಯ ಅತ್ತೆಯಲ್ಲವೇ ಅದು? ಪಕ್ಕದಲ್ಲಿರೋ ಮುದುಕ ಯಾರು?

ಸೇಜಿ ಹಳೆಯ ಅಭ್ಯಾಸದಂತೆ ಎರಡು ಹೆಜ್ಜೆ ಹಿಂದೆ ಸರಿದ.

ಸಯೋಕೊ ಅದನ್ನು ಕಂಡಳು. ಹಿಂದೆ ಬಂದು, ಅವನ ತೋಳಿಗೆ ತನ್ನ ತೋಳು ಸೇರಿಸಿದಳು. ಅಂಗಿಯ ಅಡಿಯಲ್ಲಿ ಆ ಗಾಯದ ಗಂಟು ಬೆರಳಿಗೆ ಸಿಕ್ಕಿತು.

"ಸಯೋಕೊ... ಜನ ನೋಡ್ತಿದಾರೆ."

"ನೋಡಲಿ."

"ನಾಳೆ ಏನೇನೋ ಬರೀತಾರೆ."

"ಹೆಸರು ಸರಿಯಾಗಿ ಬರೆದ್ರೆ ಸಾಕು."

ಅವನು ಅವಳನ್ನೇ ನೋಡುತ್ತಾ ನಿಂತ. ಆಮೇಲೆ ತನ್ನ ದೊಡ್ಡ ಕೈಯನ್ನು ಅವಳ ಕೈಮೇಲಿಟ್ಟ.

"ಹಾಗಾದ್ರೆ ಗಟ್ಟಿಯಾಗಿ ಹಿಡ್ಕೋ. ನಾನು ನಿಧಾನ, ಗೊತ್ತಲ್ಲ?"

"ನನಗೇನು ಅವಸರ ಇದೆ, ಹೇಳು?"