ನೂರಿಪ್ಪತ್ತು ಪೊಟ್ಟಣಗಳು

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಕೀಟಶಾಲೆಯ ಕಾರ್ಯದರ್ಶಿ ಪರೀಕ್ಷೆಗೆಂದು ಮೊದಲ ಪೊಟ್ಟಣವನ್ನು ಬಿಚ್ಚಿದ. ಒಳಗೆ ಚಿಟ್ಟೆ ಇರಲಿಲ್ಲ. ಎರಡನೆಯದನ್ನು ಬಿಚ್ಚಿದ — ಖಾಲಿ. ಹತ್ತನೆಯದೂ ಖಾಲಿ. ಒಂಬತ್ತಕ್ಕೆ ನೂರಿಪ್ಪತ್ತು ಪೊಟ್ಟಣಗಳೂ ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿದ್ದವು. ಒಂದರಲ್ಲೂ ಜೀವವಿರಲಿಲ್ಲ.

ಸಂಜೆ ನಾಲ್ಕಕ್ಕೆ ದಾನಿಗಳು ಬರುವವರಿದ್ದರು.

ಆ ಕೀಟಶಾಲೆಯನ್ನು ಕಟ್ಟಿದವಳು ನನ್ನ ಮಗಳು. ಎರಡು ಕೋಣೆ, ಗಾಜಿನ ಪೆಟ್ಟಿಗೆಗಳು, ಚಿಟ್ಟೆಗಳಿಗೊಂದು ಬಲೆಯ ಮನೆ. ಇರುವೆ, ಜೀರುಂಡೆ, ಜೇನುಗಳನ್ನು ತುಳಿಯದೆ ನೋಡುವುದನ್ನು ಮಕ್ಕಳಿಗೆ ಅಲ್ಲಿ ಕಲಿಸುತ್ತಿದ್ದಳು. ಆರು ತಿಂಗಳ ಹಿಂದೆ ಶಾಲೆಯೊಂದಕ್ಕೆ ಹುಳುಗಳ ಪೆಟ್ಟಿಗೆ ಒಯ್ಯುವಾಗ ಅವಳ ವ್ಯಾನು ಮಗುಚಿತು. ದೇವರು ಅವಳನ್ನು ಕರೆದುಕೊಂಡ. ಕೀಟಶಾಲೆ ಮಾತ್ರ ನಿಲ್ಲಲಿಲ್ಲ. ಮಕ್ಕಳು ಹೆಚ್ಚಾದರು, ಜಾಗ ಸಾಲದಾಯಿತು. ಬಸ್ ಡಿಪೋದವರ ಹಳೆಯ ಟಿಕೆಟ್ ಹಜಾರ ಬಾಡಿಗೆಗೆ ಸಿಗುವುದಿತ್ತು. ಸೋಮವಾರದೊಳಗೆ ಮುಂಗಡ ಕೊಡದಿದ್ದರೆ ಅದು ಪಕ್ಕದ ಗೋದಾಮಿನವನ ಪಾಲಾಗುತ್ತಿತ್ತು.

ಹಣ ಕೂಡಿಸಲು ಕಾರ್ಯದರ್ಶಿ ಒಂದು ಉಪಾಯ ಹೂಡಿದ್ದ. ಪ್ರತಿ ದಾನಿಯ ಕೈಗೂ ತ್ರಿಕೋನವಾಗಿ ಮಡಿಚಿದ ಒಂದು ಕಾಗದ. ಅದರೊಳಗೆ ಒಂದು ಚಿಟ್ಟೆ. ತಣ್ಣಗಿಟ್ಟರೆ ಚಿಟ್ಟೆ ನಿದ್ದೆ ಹೋಗುತ್ತದೆ, ಬಿಚ್ಚಿ ಅಂಗೈಯಲ್ಲಿ ಬೆಚ್ಚಗೆ ಹಿಡಿದರೆ ಹಾರುತ್ತದೆ ಎಂದು ಎಲ್ಲೋ ಓದಿದ್ದನಂತೆ. ತಂಪು ಪಾನೀಯದ ಅಂಗಡಿಯಿಂದ ಫ್ರಿಜ್ ಒಂದನ್ನು ಎರವಲು ತಂದಿದ್ದ. ಆಮಂತ್ರಣದ ಕರಡು ತಿದ್ದಿದವನು ನಾನು. ಮಗಳ ಹೆಸರು ಮೇಲೆಯೇ ದಪ್ಪಕ್ಷರದಲ್ಲಿತ್ತು.

ನಾನು ತಂಗಿಗೆ ಫೋನು ಮಾಡಿದೆ. ಅವಳು ರೈಲ್ವೆಯಲ್ಲಿ ಕಳೆದ ಸಾಮಾನಿನ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತವಳು. ಒಂಬತ್ತೂವರೆಗೆ ಆಟೋ ಇಳಿದಳು.

“ತಿಂಡಿ ಆಯ್ತಾ ಅಣ್ಣ?”

ಇಂಥ ಹೊತ್ತಿನಲ್ಲಿ ಗಂಟಲಲ್ಲಿ ಏನು ಇಳಿದೀತು ಎಂದೆ.

“ಚಿಟ್ಟೆ ಹೋದದ್ದಕ್ಕೆ ಹೊಟ್ಟೆ ಏನು ತಪ್ಪು ಮಾಡಿತು?” ಎನ್ನುತ್ತಲೇ ಒಳಗೆ ನಡೆದಳು.

ಕಾರ್ಯದರ್ಶಿ ಕೋಣೆಯ ಉದ್ದಕ್ಕೂ ಓಡಾಡುತ್ತಿದ್ದ. ಶನಿವಾರ ಐದು ಗಂಟೆಗೆ ಫ್ರಿಜ್ಜಿಗೆ ಬೀಗ ಹಾಕಿದ್ದು ತಾನೇ, ಬೀಗ ಹಾಗೆಯೇ ಇದೆ, ಕೀಲಿ ಕೊರಳಿನಿಂದ ಇಳಿದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಇದು ಗೋದಾಮಿನವನ ಕೆಲಸವೇ ಎಂದು ಆಣೆ ಇಟ್ಟ.

“ಕೀಲಿ ನಿಮ್ಮ ಕೊರಳಲ್ಲಿ, ಕಳ್ಳತನ ಅವನ ಕೊರಳಿಗಾ?” ತಂಗಿ ಕೇಳಿದಳು. ಅವನು ಓಡಾಟ ನಿಲ್ಲಿಸಿದ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಡಿಯಾರ ನೋಡುತ್ತಿದ್ದೆ, ಬಾಗಿಲಿಗೆ ಹೋಗುತ್ತಿದ್ದೆ, ಮರಳುತ್ತಿದ್ದೆ. ಹೊರಗೆ ನನ್ನ ಹೆಂಡತಿ ಬಾಡಿಗೆಯ ಕುರ್ಚಿಗಳನ್ನು ಒರೆಸುತ್ತಿದ್ದಳು. ಒಮ್ಮೆ ತಲೆಯೆತ್ತಿ ನೋಡಿ, ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸಿದಳು.

ನನ್ನ ಗುಮಾನಿ ಎಲೆಯಮ್ಮನ ಮೇಲಿತ್ತು. ಮರಿಹುಳುಗಳಿಗೆ ದಿನವೂ ಎಲೆ ತಂದು ಹಾಕುವಾಕೆ. ಹೆಸರು ಮಕ್ಕಳು ಇಟ್ಟದ್ದು. ಈ ಪೊಟ್ಟಣದ ಆಟ ಬೇಡವೆಂದು ಸಭೆಯಲ್ಲಿ ಜಗಳವಾಡಿದ್ದಳು. ಪ್ರಯೋಗಕ್ಕೆಂದು ಹತ್ತು ಚಿಟ್ಟೆಗಳನ್ನು ತಣ್ಣಗಿಟ್ಟಾಗ ಮೂರು ಏಳಲೇ ಇಲ್ಲವಂತೆ. ಕಾರ್ಯದರ್ಶಿ ಕಿವಿಗೆ ಹಾಕಿಕೊಂಡಿರಲಿಲ್ಲ. ಆಮಂತ್ರಣ ಅಚ್ಚಾಗಿದೆಯಲ್ಲ ಎಂದು ನಾನೂ ಸುಮ್ಮನಿದ್ದೆ.

ತಂಗಿ ಅವಳನ್ನು ಕರೆದಳು.

“ಬಿಟ್ಟದ್ದು ನೀನಾ?”

“ನಾನು ಬಿಡೋಳಾಗಿದ್ರೆ ಇವರ ಎದುರೇ ಬಿಡ್ತಿದ್ದೆ. ಕದ್ದು ಬಿಡೋಕೆ ನನಗೇನು ದಾಡಿ?” ಎಂದಳು ಎಲೆಯಮ್ಮ. “ಸತ್ತ ಮೂರರ ಕಾಗದ ಇನ್ನೂ ಇಟ್ಕೊಂಡಿದೀನಿ. ಇವರಿಗೆ ತೋರಿಸೋಣ ಅಂತ. ನೋಡೋರು ಯಾರು?”

“ನಾನು ನೋಡ್ತೀನಿ, ತಾ.”

ಅವಳು ತನ್ನ ಚೀಲದಿಂದ ಮೂರು ಪೊಟ್ಟಣ ತಂದಳು. ತಂಗಿ ಅವುಗಳಲ್ಲಿ ಒಂದನ್ನು ಕಿಟಕಿಯ ಬಳಿ ಬಿಚ್ಚಿ ಹಿಡಿದಳು. ಮೇಜಿನ ಮೇಲಿನ ಒಂದನ್ನು ಅದರ ಪಕ್ಕಕ್ಕೆ ಹಿಡಿದಳು. ಮತ್ತೊಂದು, ಇನ್ನೊಂದು — ಹೀಗೆ ಇಪ್ಪತ್ತಾದರೂ ನೋಡಿರಬೇಕು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿದಳು.

“ಚಿಟ್ಟೆಗಳನ್ನ ಕಣ್ಣಾರೆ ನೋಡಿದ್ದು ಯಾವಾಗ?”

“ಶನಿವಾರ ಐದಕ್ಕೆ ಬೀಗ ಹಾಕಿದಾಗ.”

“ಆಗ ನೋಡಿದ್ದು ಪೊಟ್ಟಣ. ನಾನು ಕೇಳಿದ್ದು ಚಿಟ್ಟೆ.”

ಅವನು ಯೋಚಿಸಿದ. ಮಧ್ಯಾಹ್ನ ಎರಡಕ್ಕೆ, ಬಲೆಯ ಮನೆಯಲ್ಲಿ ಎಂದ.

“ನಡುವೆ ಯಾರೂ ನೋಡಲಿಲ್ಲ?”

“ನಾವು ಕುರ್ಚಿ ತರೋಕೆ ಹೋಗಿದ್ವಿ…” ಅವನ ಮಾತು ಅಲ್ಲಿಗೇ ನಿಂತಿತು. ನನ್ನ ಮುಖ ನೋಡಿದ.

ತಂಗಿ ನನ್ನನ್ನು ಬಲೆಯ ಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

“ಅಣ್ಣ, ಕಾಗದದ ಒಳಮೈ ನೋಡಿದ್ಯಾ?”

ಇಲ್ಲ. ನಾನು ಹೊರಮೈಯನ್ನಷ್ಟೇ ನೋಡಿದ್ದೆ.

“ಚಿಟ್ಟೆ ಮುಟ್ಟಿದ ಬೆರಳಿಗೇ ರೆಕ್ಕೆಯ ಪುಡಿ ಹತ್ತುತ್ತೆ. ಎಲೆಯಮ್ಮನ ಕಾಗದದಲ್ಲಿ ನೋಡು — ಅರಿಶಿನ ಚೆಲ್ಲಿದ ಹಾಗಿದೆ. ಈ ನೂರಿಪ್ಪತ್ತರಲ್ಲಿ ಒಂದು ಕಣ ಇಲ್ಲ. ಇವು ಮಡಿಚಿದಾಗಲೇ ಖಾಲಿ. ಬೀಗ ಯಾರೂ ಮುರೀಲಿಲ್ಲ, ಕೀಲಿ ಯಾರೂ ಕದೀಲಿಲ್ಲ. ನನ್ನ ಕಿಟಕಿಗೆ ಬರ್ತಿದ್ದವರೂ ಹೀಗೇ. ರೈಲಲ್ಲಿ ಕೊಡೆ ಕಳೀತು ಅಂತ ಅಳೋರು. ವಿಚಾರಿಸಿದ್ರೆ ಅದನ್ನ ಮನೆಯಿಂದ ತಂದೇ ಇರ್ತಿರಲಿಲ್ಲ.” ಅವಳು ದನಿ ತಗ್ಗಿಸಿದಳು. “ನಿನ್ನೆ ಪೊಟ್ಟಣ ಕಟ್ಟಿದ್ದು ಯಾರು, ಅಣ್ಣ?”

ನನಗೆ ಗೊತ್ತಿತ್ತು. ಕೈ ಹಗುರ ಎಂದು ಆ ಕೆಲಸವನ್ನು ಅವಳಿಗೆ ಒಪ್ಪಿಸಿದವನು ನಾನೇ.

“ನಿನ್ನ ಅತ್ತಿಗೆ,” ಎಂದೆ.

ಹೆಂಡತಿಯನ್ನು ಕರೆಯಬೇಕಾಗಲಿಲ್ಲ. ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದನ್ನು ಹಿಡಿದೆ, ಹಾಕಲಾಗಲಿಲ್ಲ ಎಂದಳು. ಹಿಂದಿನ ಕಿಟಕಿ ತೆಗೆದು ಎಲ್ಲವನ್ನೂ ಬಿಟ್ಟಳಂತೆ. ಆಮೇಲೆ ಎರಡು ಗಂಟೆ ಕೂತು ಖಾಲಿ ಕಾಗದ ಮಡಿಚಿದಳಂತೆ.

“ಕಾಗದಪತ್ರ ಮುಗಿಯೋ ತನಕ ಆಸ್ಪತ್ರೆಯವರು ಅವಳನ್ನ ಎರಡು ದಿನ ತಣ್ಣನೆ ಪೆಟ್ಟಿಗೆಯಲ್ಲಿಟ್ಟರಲ್ಲ,” ಎಂದಳು. “ಹಣೆ ಮುಟ್ಟಿದ್ದೆ ನಾನು. ಜೀವ ಇರೋದನ್ನ ಹೇಗೆ ಅಂಥ ಕಡೆ ಇಡಲಿ?”

“ನನ್ನ ಹತ್ತಿರ ಹೇಳಬಾರದಿತ್ತೇ?”

“ಈ ಕೆಲಸ ಹಿಡಿದ ಮೇಲೆ ನೀವು ಎರಡು ಹೊತ್ತು ಊಟ ಮಾಡ್ತಾ ಇದ್ರಿ. ಆರು ತಿಂಗಳಲ್ಲಿ ಮೊದಲ ಸಲ. ಯಾವ ಬಾಯಲ್ಲಿ ಹೇಳಲಿ?”

ತಂಗಿ ಸದ್ದಿಲ್ಲದೆ ಹೊರಗೆ ಹೋದಳು.

ಗೋದಾಮಿನವನ ಮೇಲೆ ಪೊಲೀಸರಿಗೆ ದೂರು ಬರೆಯೋಣ, ಅನುಕಂಪಕ್ಕಾದರೂ ಹಣ ಬಂದೀತು ಎಂದು ಕಾರ್ಯದರ್ಶಿ ಮೆಲ್ಲಗೆ ಸೂಚಿಸಿದ. ಒಂದು ಗಳಿಗೆ ನನಗೂ ಆಸೆ ಹುಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಗಳ ಹೆಸರಿನ ಕೆಳಗೆ ಸುಳ್ಳೊಂದನ್ನು ಬರೆಯುವುದು ನನ್ನಿಂದಾಗಲಿಲ್ಲ.

ನಾಲ್ಕಕ್ಕೆ ದಾನಿಗಳು ಕೂತರು. ನಾನು ಎದ್ದು ನಡೆದದ್ದನ್ನು ನಡೆದಂತೆ ಹೇಳಿದೆ. ಬಿಟ್ಟವಳು ನನ್ನ ಹೆಂಡತಿ, ಇಡಲು ಹೇಳಿದವನು ನಾನು, ತಪ್ಪು ನನ್ನದು ಎಂದೆ. ಕೆಲವರು ಕುರ್ಚಿ ಸರಿಸಿ ಎದ್ದುಹೋದರು. ಕಾರ್ಯದರ್ಶಿ ತಲೆ ತಗ್ಗಿಸಿದ. ಆಗ ಕನ್ನಡಕದ ಅಂಗಡಿಯ ಒಡತಿ, ಹಾಗಾದರೆ ಅವು ಈಗ ಎಲ್ಲಿವೆ ಎಂದು ಕೇಳಿದರು.

ನನ್ನ ಹೆಂಡತಿ ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಎಲ್ಲರನ್ನೂ ಕಟ್ಟಡದ ಹಿಂದಕ್ಕೆ ಕರೆದೊಯ್ದಳು. ಚರಂಡಿಯ ಅಂಚಿನಲ್ಲಿ ಒಂದಷ್ಟು ನಿಂಬೆಯ ಗಿಡಗಳಿವೆ. ಹಾರುತ್ತಿದ್ದವು ಐದೋ ಆರೋ ಅಷ್ಟೆ. ಒಬ್ಬ ಹುಡುಗಿ ಚಿಗುರೊಂದನ್ನು ಮೆಲ್ಲಗೆ ತಿರುಗಿಸಿ ಕಸಕಸೆ ಕಾಳಿನಂಥ ಮೊಟ್ಟೆ ತೋರಿಸಿದಳು. ಇದು ಹುಳುವಾಗಿ, ಕೋಶವಾಗಿ, ರೆಕ್ಕೆ ಬರಲು ತಿಂಗಳು ಬೇಕು, ಅಷ್ಟರಲ್ಲಿ ಯಾರೂ ಗಿಡ ಕಡಿಯಬಾರದು ಎಂದು ಹಿರಿಯರಿಗೆ ತಾಕೀತು ಮಾಡಿದಳು. ಕನ್ನಡಕದ ಅಂಗಡಿಯ ಒಡತಿ ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಮಣ್ಣಿಗೆ ಮೊಣಕಾಲೂರಿದರು. ಅವರ ಹಿಂದೆ ಇನ್ನೂ ನಾಲ್ಕಾರು ಜನ ಬಗ್ಗಿದರು.

ಟಿಕೆಟ್ ಹಜಾರಕ್ಕೆ ಸಾಲುವಷ್ಟು ಹಣ ಬರಲಿಲ್ಲ. ಅದು ಗೋದಾಮಿನವನಿಗೇ ಹೋಯಿತು. ಬಂದಷ್ಟರಲ್ಲಿ ಡಿಪೋದ ಹಿಂಬದಿಯ ಪಾರ್ಸೆಲ್ ಕೋಣೆ ನಮಗೆ ಸಿಕ್ಕಿತು. ಕಿಟಕಿ ಒಂದೇ, ಮೂವತ್ತು ಮಕ್ಕಳು ಒತ್ತಿ ಕೂರಬಹುದು. ಸೋಮವಾರ ಅದರ ಬೀಗ ತೆಗೆದು, ನಾನೂ ಹೆಂಡತಿಯೂ ನೆಲ ಗುಡಿಸಿ, ಗೋಡೆಗೆ ಒರಗಿ ಕೂತೆವು. ಅಂದು ನನ್ನ ಹೆಂಡತಿ ನನ್ನೆದುರು ಅತ್ತಳು. ನಾನೂ ಅತ್ತೆ. ಆಮೇಲೆ ಕೈಮುಗಿದೆ.

ತಂದೆಯೇ, ಅವಳನ್ನು ಕೊಟ್ಟವನು ನೀನು, ಕರೆದುಕೊಂಡವನೂ ನೀನು. ಏಕೆಂದು ನಾನು ಕೇಳಲಾರೆ. ಇಲ್ಲಿಗೆ ಬರುವ ಮಕ್ಕಳನ್ನು ಕಾಪಾಡು. ನಮ್ಮ ಮಗಳ ಆತ್ಮಕ್ಕೆ ಶಾಂತಿ ಕೊಡು.