ಹತ್ತಿಹೊಲದಲ್ಲಿ ಕೇಳಿದ ಕೂಗು

ಡಿಸೆಂಬರ್ ಎರಡನೇ ವಾರದ ಒಂದು ಬೆಳಿಗ್ಗೆ, ಎಂಟರ ಸುಮಾರಿಗೆ, ಸಾಯಬಮ್ಮ ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಪಿಎಸ್‌ಐ ಪಂಚಶೀಲಾ ಆಗಷ್ಟೇ ಸಿಬ್ಬಂದಿಯ ಹಾಜರಿ ಮುಗಿಸಿದ್ದಳು. ಬಂದವಳ ಸೆರಗಿಗೆ ಹತ್ತಿಗಿಡದ ಒಣ ಎಲೆಗಳು ಅಂಟಿಕೊಂಡಿದ್ದವು. ತಾನು ಕೊಂಕಲ್ ಊರಿನವಳು, ತನ್ನ ತಂಗಿಯ ಮಗಳು ಪರಿಮಳಾ ನಸುಕಿನಲ್ಲಿ ಚೊಂಬು ಹಿಡಿದು ಮನೆಯ ಹಿಂದಿನ ಹೊಲಕ್ಕೆ ಹೋದವಳು ಹತ್ತಿಸಾಲಿನ ನಡುವೆ ಸತ್ತು ಬಿದ್ದಿದ್ದಾಳೆ ಎಂದಳು. ಹುಡುಗಿಗೆ ಹತ್ತೊಂಬತ್ತು ವರ್ಷ.

"ಯಾರೋ ಕೊಂದಾರ್ರಿ. ಅಕಿಗಿ ಮಾತು ಬರ್ತಿದ್ದಿಲ್ಲ, ಕೂಗಾಕ ಆಗ್ತಿದ್ದಿಲ್ಲ. ಅದು ಗೊತ್ತಿದ್ದವರೇ ಮಾಡ್ಯಾರ."

ಹುಡುಗಿ ಹುಟ್ಟು ಮೂಗಿಯಲ್ಲ. ಹಿಂದಿನ ವರ್ಷ ತೊಗರಿ ಕೊಯ್ಲಿಗೆ ಕೂಲಿಯವರನ್ನು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ಕಾಲುವೆ ದಂಡೆಯಲ್ಲಿ ಮಗುಚಿತ್ತು. ಅವಳ ತಾಯಿ ಲಾಲಮ್ಮ ಮಗಳ ಕಣ್ಣೆದುರೇ ಟ್ರೇಲರಿನಡಿ ಸಿಕ್ಕು ಸತ್ತಳು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅಪ್ಪ ಹುಲಗಪ್ಪನೇ. ಅಂದು ಕಿರುಚಲು ಬಾಯಿ ತೆರೆದ ಪರಿಮಳಾಗೆ ದನಿ ಬರಲಿಲ್ಲ. ಮತ್ತೆ ಬರಲೇ ಇಲ್ಲ. ಅದಕ್ಕೂ ಮೊದಲು ಅವಳು ಮಾಳಿಗೆಯ ಮೇಲೆ ನಿಂತು ಅಪ್ಪನನ್ನು ಊಟಕ್ಕೆ ಕರೆದರೆ ಮೂರು ಹೊಲದಾಚೆ ಕೇಳುತ್ತಿತ್ತಂತೆ.

ಎಫ್‌ಐಆರ್ ದಾಖಲಿಸಿ ಪಂಚಶೀಲಾ ಕಾನ್‌ಸ್ಟೇಬಲ್ ಭೀಮೇಶನೊಂದಿಗೆ ಸ್ಥಳಕ್ಕೆ ಹೋದಳು. ಶವ ಪಂಚನಾಮೆಯಲ್ಲಿ ಬರೆಯುವಂಥದ್ದು ಹೆಚ್ಚೇನೂ ಇರಲಿಲ್ಲ. ಗದ್ದದ ಬಳಿ ಬೆರಳು ಒತ್ತಿದ ಕೆಂಪು ಗುರುತು, ಬಲಗೈ ಉಗುರುಗಳಲ್ಲಿ ಕಂಬಳಿಯ ಕಪ್ಪು ಎಳೆಗಳು, ಮುರಿದು ಬಿದ್ದ ನಾಲ್ಕಾರು ಗಿಡ, ಉರುಳಿದ ಚೊಂಬು. ಬಟ್ಟೆ ಹರಿದಿರಲಿಲ್ಲ. ಕಿವಿಯ ಓಲೆಗಳು ಹಾಗೇ ಇದ್ದವು. ಎರಡೂ ಅಂಗಾಲುಗಳಲ್ಲಿ ಮಾತ್ರ ಮಣ್ಣೇ ಇರಲಿಲ್ಲ, ಯಾರೋ ತಿಕ್ಕಿ ಒರೆಸಿದ ಹಾಗೆ. ಪಂಚಶೀಲಾ ಅದನ್ನೂ ಬರೆಸಿದಳು.

ಹುಲಗಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದ. ಬೆಳಗಿನ ಚಳಿಯಲ್ಲೂ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕೊಟ್ಟ ನೀರು ಗಂಟಲಿಗಿಳಿಯದೆ ಕಟಬಾಯಿಯಿಂದ ಹೊರಗೆ ಹರಿಯಿತು. ಮಾಲೀಕರ ಹತ್ತಿ ಹೇರಿಕೊಂಡು ಯಾದಗಿರಿ ದಾರಿಯಲ್ಲಿದ್ದೆ, ಫೋನು ಬಂದ ಮೇಲೆ ತಿರುಗಿ ಬಂದೆ ಎಂದಷ್ಟೇ ಹೇಳಿದ. ಭೀಮೇಶ ಜೀಪಿನ ಬಳಿ ಬಂದು, ಇಷ್ಟು ಬೆವರುವವನು ಏನೋ ಮುಚ್ಚಿಡುತ್ತಿದ್ದಾನೆ ಎಂದ. ಹೆದರಿದ ಮೈ, ದುಃಖದ ಮೈ ಎರಡೂ ಹೀಗೇ ಬೆವರುತ್ತವೆ, ಬೆವರು ಸಾಕ್ಷಿಯಲ್ಲ ಎಂದು ಪಂಚಶೀಲಾ ಅವನ ಬಾಯಿ ಮುಚ್ಚಿಸಿದಳು.

ಪಕ್ಕದ ಹೊಲದಲ್ಲಿ ಬೇಗ ಬಂದು ಹತ್ತಿ ಬಿಡಿಸುತ್ತಿದ್ದ ಹಜರಾಬೀ ಎಂಬ ಹೆಂಗಸು ತನಿಖೆಯನ್ನು ಬೇರೆ ದಾರಿಗೆ ಎಳೆದಳು.

"ಹತ್ತಿ ಬಿಡಸಾಕತ್ತಿದ್ದೆ ರೀ. ಒಂದು ಹುಡುಗಿ ಕೂಗಿದ್ದು ಕೇಳಸ್ತು. ‘ಅಪ್ಪಾ’ ಅಂತ. ಒಂದ ಸಲ."

"ಪರಿಮಳಾನ ದನಿ ಏನು?"

"ಅಕಿ ಎಲ್ಲಿ ಮಾತಾಡ್ತಿದ್ಳು ರೀ? ಬ್ಯಾರೆ ಯಾರೋ."

ಹಾಗಾದರೆ ಅಲ್ಲಿ ಇನ್ನೊಬ್ಬ ಹುಡುಗಿ ಇದ್ದಳು, ಎಲ್ಲವನ್ನೂ ಕಂಡಿದ್ದಳು. ಪಂಚಶೀಲಾ ಊರಿನ ಮನೆಮನೆಗೆ ಹೋದಳು. ಹತ್ತಿ ಬಿಡಿಸಲು ಬಂದ ಪರಊರಿನ ಕೂಲಿಗಳ ಗುಡಿಸಲುಗಳನ್ನೂ ಬಿಡಲಿಲ್ಲ. ಆ ಹೊತ್ತಿಗೆ ಹೊಲದ ಕಡೆ ಹೋದ ಬೇರೆ ಹುಡುಗಿ ಸಿಗಲಿಲ್ಲ.

ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರ್ ವಿಶ್ವರಾಧ್ಯ ಪಂಚಶೀಲಾಳನ್ನು ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಅತ್ಯಾಚಾರವಿಲ್ಲ, ವಿಷವಿಲ್ಲ, ಕತ್ತು ಹಿಸುಕಿಲ್ಲ. ಹೆದರಿಕೆಯಾದಾಗ ಮೈ ಓಡಲಿಕ್ಕೋ ಹೊಡೆದಾಡಲಿಕ್ಕೋ ತಾನಾಗಿಯೇ ಅಣಿಯಾಗುತ್ತದೆ. ಅದಕ್ಕೆ ಬೇಕಾದ ರಸ ರಕ್ತಕ್ಕೆ ನುಗ್ಗುತ್ತದೆ. ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಅಂಗೈ ತಣ್ಣಗಾಗುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯುತ್ತದೆ. ಅಪರೂಪಕ್ಕೆ ಒಬ್ಬರಲ್ಲಿ ಆ ರಸವೇ ಹೃದಯವನ್ನು ಕೆಡಿಸುತ್ತದೆ. ಒಮ್ಮೆ ಭಾರೀ ಭಯ ಉಂಡ ಮೈಯಾದರೆ ಎರಡನೆಯದನ್ನು ತಾಳುವುದು ಇನ್ನೂ ಕಷ್ಟ.

"ಅಂದ್ರ ಹುಡುಗಿ ಹೆದರಿ ಸತ್ತಾಳ?"

ಬೇರೆ ಕಾರಣ ಕಾಣುವುದಿಲ್ಲ ಎಂದರು ಡಾಕ್ಟರು. ಏಳುವ ಮುನ್ನ ಪಂಚಶೀಲಾ ಗಂಟಲಿನ ಬಗ್ಗೆ ವಿಚಾರಿಸಿದಳು. ಗಂಟಲಿಗೆ ಏನೂ ಆಗಿರಲಿಲ್ಲ. ಭಯ ಕಟ್ಟಿಹಾಕಿದ್ದ ದನಿ ಅದು, ಎಂದಾದರೂ ಬಿಚ್ಚಿಕೊಳ್ಳಬಹುದಿತ್ತು.

ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಿಂತಳು. ಇನ್ನೊಬ್ಬ ಹುಡುಗಿ ಇರಲೇ ಇಲ್ಲ. ಕೂಗಿದವಳು ಪರಿಮಳಾ. ಅವಳನ್ನು ಹಿಡಿದವನು ಬಟ್ಟೆಗೆ ಕೈ ಹಾಕಿಲ್ಲ, ಓಲೆ ಮುಟ್ಟಿಲ್ಲ. ಆದರೆ ಅಂಗಾಲು ತಿಕ್ಕಿದ್ದಾನೆ. ಪ್ರಜ್ಞೆ ತಪ್ಪಿದವರನ್ನು ಎಬ್ಬಿಸಲು ಮನೆಯವರು ಮಾಡುವುದು ಹಾಗೆ.

ಟ್ರ್ಯಾಕ್ಟರಿನ ಮಾಲೀಕ ಲಿಂಗಣ್ಣನನ್ನು ಕೇಳಿದಾಗ, ಅಂದು ಗಾಡಿ ಯಾದಗಿರಿಗೆ ಹೊರಟೇ ಇರಲಿಲ್ಲ ಎಂದ. ಹುಲಗಪ್ಪ ಬರಿಗಾಲಲ್ಲಿ ಓಡಿಬಂದು ಎಂಜಿನ್ ಚಾಲೂ ಮಾಡಿದವನು, ಗೇರ್ ಹಾಕಲಾರದೆ ಕೂತೇ ಇದ್ದನಂತೆ. ದಿನಾ ಹೊದ್ದು ಬರುತ್ತಿದ್ದ ಕಂಬಳಿ ಮೈಮೇಲಿರಲಿಲ್ಲ.

ಹುಲಗಪ್ಪನನ್ನು ಠಾಣೆಗೆ ಕರೆಸಿದರು. ಪಂಚಶೀಲಾ ಬಾಗಿಲು ಮುಂದಕ್ಕೆಳೆದು ಎದುರಿಗೆ ಕುಳಿತಳು. ಈ ಪ್ರಶ್ನೆ ಕೇಳುವ ಮುಂಚೆ ತನ್ನ ಅಂಗೈಯೂ ತಣ್ಣಗಾಗಿದ್ದು ಅವಳಿಗೆ ತಿಳಿಯಿತು.

"ಹುಲಗಪ್ಪಣ್ಣ, ಅಕಿ ಮಾತಾಡಿದ್ಳಲ್ಲ?"

"ಮಾತಾಡಿದ್ಳ್ರಿ" ಎಂದ ಹುಲಗಪ್ಪ.

ಆಮೇಲೆ ಎಲ್ಲವನ್ನೂ ಹೇಳಿದ. ಶಹಾಪುರ, ಸುರಪುರ, ರಾಯಚೂರು, ಎಲ್ಲ ಕಡೆಯ ಡಾಕ್ಟರಿಗೂ ತೋರಿಸಿದ್ದ. ಯಾದಗಿರಿಯ ಚಹಾ ಅಂಗಡಿಯಲ್ಲಿ ಯಾರೋ ಹೇಳಿದ್ದರು: ಹೆದರಿ ಹೋದ ಮಾತು, ಮತ್ತೆ ಹೆದರಿಸಿದರೆ ಬರುತ್ತದೆ. ಎಷ್ಟೋ ದಿನ ಮನಸ್ಸು ಒಪ್ಪಲಿಲ್ಲ. ಅಂದು ಕಂಬಳಿ ಮುಸುಕು ಹಾಕಿಕೊಂಡು ಸಾಲಿನ ನಡುವೆ ಕೂತ, ಅವಳು ಹತ್ತಿರ ಬಂದಾಗ ಹಿಂದಿನಿಂದ ಹಿಡಿದ. ಅವಳು ಕೊಸರಿದಳು, ಕಂಬಳಿ ಪರಚಿದಳು, ಕೂಗಿದಳು. ಮಗಳ ದನಿ ಕೇಳಿ ಅವನು ನಗುತ್ತ ಮುಸುಕು ತೆಗೆದ. ಅಷ್ಟರಲ್ಲಿ ಅವಳು ಅವನ ತೋಳಿನಿಂದ ಜಾರುತ್ತಿದ್ದಳು. ಅಂಗಾಲು ತಿಕ್ಕಿದ, ಹೆಸರು ಹಿಡಿದು ಕರೆದ. ಉಸಿರಿಲ್ಲ ಎಂದು ಗೊತ್ತಾದ ಮೇಲೆ ಕಾಲುಗಳು ತಾವೇ ಓಡಿದವು. ಕಂಬಳಿಯನ್ನು ಕಾಲುವೆಯ ಜಾಲಿಪೊದೆಗೆ ಎಸೆದ.

"ಟ್ರ್ಯಾಕ್ಟರ್ ಪಲ್ಟಿ ಆದಾಗಿಂದ ನನ್ನ ಮಾರಿ ನೋಡ್ತಿದ್ಳು, ಮಾತಾಡ್ತಿದ್ದಿಲ್ಲ. ನಮ್ಮವ್ವನ್ನ ಕೊಂದಿ ಅಂತ ಸಿಟ್ಟಿಗೆ ಸುಮ್ಮನಿದ್ದಾಳೇನೋ ಅಂತ ಒಳಗ ಕೊರೀತಿತ್ತು. ಒಮ್ಮೆ ಅಪ್ಪಾ ಅಂದ್ರ ಸಾಕಾಗಿತ್ರಿ." ತಲೆ ಎತ್ತಿ ಕೇಳಿದ: "ಹಿಡದಾವ ನಾನ ಅಂತ ಗೊತ್ತಾಗಿ ಅಂದ್ಳೇನ್ರಿ ಅಕಿ?"

"ಇಲ್ಲ. ನಿಮ್ಮ ಮಾರಿ ಕಂಡಿದ್ದಿಲ್ಲ. ಬಂದು ಉಳಸ್ಲಿ ಅಂತ ನಿಮ್ಮನ್ನ ಕರದಾಳ." ಪಂಚಶೀಲಾ ಮತ್ತೆ ಹೇಳಿದಳು, "ಸಿಟ್ಟಿದ್ದಿದ್ರ ಕರೀತಿದ್ದಿಲ್ಲ."

ಹುಲಗಪ್ಪ ಅಲ್ಲಿಯವರೆಗೂ ಅತ್ತಿರಲಿಲ್ಲ.

ಅವನು ತೋರಿಸಿದ ಜಾಗದಿಂದ ಕಂಬಳಿಯನ್ನು ಪಂಚರ ಸಮಕ್ಷಮ ಜಪ್ತಿ ಮಾಡಿದರು. ಕೊಲೆಯ ಕಲಂ ನಿಲ್ಲುವುದಿಲ್ಲ, ನಿರ್ಲಕ್ಷ್ಯದಿಂದ ಸಾವು ಎಂಬುದಷ್ಟೇ ಉಳಿಯುತ್ತದೆ ಎಂದು ಪಂಚಶೀಲಾ ನ್ಯಾಯಾಲಯಕ್ಕೆ ವರದಿ ಬರೆದು, ಅಂದೇ ಸಂಜೆ ಅವನನ್ನು ಬಂಧಿಸಿದಳು. ಬಂಧಿಸಿದ ವಿಷಯವನ್ನು ಹತ್ತಿರದವರಿಗೆ ತಿಳಿಸಬೇಕು, ಯಾರಿಗೆ ತಿಳಿಸಲಿ ಎಂದು ಕೇಳಿದಾಗ ಅವನು ಯಾರೂ ಇಲ್ಲ ಎಂದು ತಲೆಯಾಡಿಸಿದ.

ಕೊನೆಗೆ ಅವಳೇ ದೂರುದಾರಳಾದ ಸಾಯಬಮ್ಮನಿಗೆ ಫೋನು ಮಾಡಿ, ನಡೆದದ್ದನ್ನು ಮೊದಲಿನಿಂದ ಹೇಳಿದಳು.

"ಉಂಡಾನೇನ್ರಿ ಅಂವಾ?" ಎಂದು ಕೇಳಿದಳು ಸಾಯಬಮ್ಮ.

"ಇಲ್ಲ."

"ರೊಟ್ಟಿ ಬಡಕೊಂಡು ಬರ್ತೀನಿ ರೀ."